ಗೋಡೆ ಮೇಲಿನ ಕಲೆ

ಕುಮಾರಕೃಪಾ ರಸ್ತೆಯಲ್ಲಿ ವರ್ಷಕ್ಕೊಂದು ಭಾನುವಾರ ಗಾಡಿಗಳೇ ಓಡುವುದಿಲ್ಲ. ಶಿವಾನಂದ ಸರ್ಕಲ್ ಕಡೆಯಿಂದ ನಡೆದು ಬಂದರೆ ರಸ್ತೆಯ ಎರಡೂ ಬದಿಗೆ ಚಿತ್ರಗಳು. ಕಾಂಪೌಂಡಿಗೆ ಒರಗಿಸಿದ್ದು, ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟಿದ್ದು, ನೆಲಕ್ಕೆ ಬೆಡ್‌ಶೀಟ್ ಹಾಸಿ ಹರಡಿದ್ದು. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಶುರು ಮಾಡಿದ ಚಿತ್ರಸಂತೆ ಇದು. ಸಂತೆ ಅಂದಮೇಲೆ ಸಂತೆಯೇ. ಚೌಕಾಸಿ ಇದೆ, ಚುರುಮುರಿ ಇದೆ, ಹತ್ತು ನಿಮಿಷದಲ್ಲಿ ನಿಮ್ಮ ಮುಖ ಬರೆದುಕೊಡುವವರೂ ಇದ್ದಾರೆ.

ಎರಡು ವರ್ಷದ ಹಿಂದೆ ಸೋದರಮಾವ ಮತ್ತು ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮಾವ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿ ರಿಟೈರ್ ಆದವರು. ಅಳತೆ ತಪ್ಪಿದ್ದನ್ನು ಕಂಡರೆ ಅವರಿಗೆ ಮೈ ಉರಿಯುತ್ತದೆ. ಒಂದು ದೊಡ್ಡ ಕ್ಯಾನ್ವಾಸ್ ಮುಂದೆ ನಿಂತರು. ಬೂದು ಬಣ್ಣ, ಅದರ ಮೇಲೆ ಕಪ್ಪು, ಕಪ್ಪಿನ ಮೇಲೆ ಉಗುರಲ್ಲಿ ಕೆರೆದ ಹಾಗೆ ಒಂದಿಷ್ಟು ಕೆಂಪು. ಮೂಲೆಯ ಚೀಟಿಯಲ್ಲಿ 45,000 ರೂಪಾಯಿ ಅಂತಿತ್ತು. ಕನ್ನಡಕ ಮೇಲೆತ್ತಿ ಚೀಟಿ ಓದಿದರು, ಕೆಳಗಿಳಿಸಿ ಚಿತ್ರ ನೋಡಿದರು.

"ಇದನ್ನ ನಮ್ಮ ಪುಟ್ಟಿನೂ ಬರೀತಾಳೆ ಕಣೋ. ಅಷ್ಟೇ ಯಾಕೆ, ನಮ್ಮನೆ ಹಾಲ್ ಗೋಡೆಗೆ ಟ್ಯಾಂಕ್ ಸೋರಿ ಇಂಥದ್ದೇ ಬಂದಿದೆ. ಅದೂ ಕಲೆನೇ ಅಲ್ವಾ?"

ಪಕ್ಕದಲ್ಲಿ ಸ್ಟೂಲ್ ಮೇಲೆ ಕೂತಿದ್ದ ಹುಡುಗ, ಅವನೇ ಬರೆದವನು, ಕೇಳಿಸಲೇ ಇಲ್ಲ ಅನ್ನುವ ಹಾಗೆ ಮೊಬೈಲ್ ನೋಡುತ್ತಿದ್ದ. ನಾನು ಮಾವನ ಕೈ ಹಿಡಿದು ಮುಂದೆ ನಡೆದೆ.

ಈ ತಮಾಷೆ ಕನ್ನಡದಲ್ಲಿ ಸಲೀಸು. ಅಂಗಿಗೆ ಹತ್ತಿದ ಸಾರಿನ ಗುರುತೂ ಕಲೆ, ಕೆ. ವೆಂಕಟಪ್ಪನವರು ಊಟಿಯಲ್ಲಿ ಕೂತು ಬರೆದ ಜಲವರ್ಣವೂ ಕಲೆ. ಸೋಪಿನ ಜಾಹೀರಾತಿನವರು ತೆಗೆಯುತ್ತೇವೆ ಅನ್ನುವುದು ಮೊದಲನೆಯದನ್ನು. ಲಿಯೊನಾರ್ಡೊ ಡಾ ವಿಂಚಿ ಬದುಕಿದ್ದಿದ್ದರೆ ಮಾವನ ಪಕ್ಷ ವಹಿಸುತ್ತಿದ್ದನೋ ಏನೋ. ಕಲೆ ಬಿದ್ದ ಗೋಡೆಗಳನ್ನು ದಿಟ್ಟಿಸಿ ನೋಡಿ, ಅದರಲ್ಲಿ ಬೆಟ್ಟ, ನದಿ, ಯುದ್ಧ ಎಲ್ಲ ಕಾಣುತ್ತವೆ ಅಂತ ಅವನು ಚಿತ್ರ ಕಲಿಯುವವರಿಗೆ ಬರೆದಿಟ್ಟಿದ್ದಾನೆ.

ಆದರೆ ಮಾವ ಒಂದೇ ಉಸಿರಿನಲ್ಲಿ ನಾಲ್ಕು ಪ್ರಶ್ನೆ ಕೇಳಿದ್ದರು. ಇದು ಕಲೆ ಹೌದಾ? ಚೆನ್ನಾಗಿದೆಯಾ? ನನಗೆ ಇಷ್ಟ ಆಯಿತಾ? ಇದಕ್ಕೆ ಅಷ್ಟು ದುಡ್ಡು ಯಾಕೆ? ಕಲೆಯ ಬಗ್ಗೆ ನಡೆಯುವ ಮುಕ್ಕಾಲು ಜಗಳ ಈ ನಾಲ್ಕನ್ನು ಒಟ್ಟಿಗೆ ಕಲಸಿದ್ದರಿಂದಲೇ ಹುಟ್ಟುತ್ತದೆ ಅಂತ ನನ್ನ ಅನಿಸಿಕೆ. "ಇದು ಕಲೆಯೇ ಅಲ್ಲ" ಅನ್ನುವವರ ಹೊಟ್ಟೆಯಲ್ಲಿ ಬಹಳ ಸಲ ಇರುವುದು "ನನಗೆ ಹಿಡಿಸಲಿಲ್ಲ" ಅನ್ನುವ ಮಾತು. ಸಾರಿಗೆ ಉಪ್ಪು ಜಾಸ್ತಿ ಆದರೆ "ಇದೂ ಒಂದು ಸಾರಾ?" ಅಂತ ನಾವೂ ಬೈಯುತ್ತೇವೆ. ಆದರೆ ಅದು ಸಾರು ಅಂತ ಗೊತ್ತಿದ್ದೇ ಬೈಯುತ್ತೇವೆ. ಕೆಟ್ಟ ಸಾರೂ ಸಾರೇ. ಕೆಟ್ಟ ಕಲೆಯೂ ಕಲೆಯೇ.

ಮೊದಲ ಪ್ರಶ್ನೆಗೆ ನಮ್ಮ ಹಳಬರ ಉತ್ತರ ಬಹಳ ಧಾರಾಳವಾಗಿತ್ತು. ಅರವತ್ತನಾಲ್ಕು ಕಲೆ ಅನ್ನುತ್ತಾರಲ್ಲ, ಕಾಮಸೂತ್ರದಲ್ಲಿರುವ ಆ ಪಟ್ಟಿಯಲ್ಲಿ ಹಾಡು, ಕುಣಿತ, ಚಿತ್ರದ ಜೊತೆಗೆ ಹೂ ಕಟ್ಟುವುದು, ಅಡುಗೆ, ಮರಗೆಲಸ, ಒಗಟು, ಗಿಳಿಗೆ ಮಾತು ಕಲಿಸುವುದು, ಟಗರು-ಕೋಳಿ ಕಾಳಗ ಎಲ್ಲ ಸೇರಿವೆ. ಕೈಗೋ ಬಾಯಿಗೋ ಪಳಗಿದ ಕೆಲಸ ಅಂದರೆ ಕಲೆ, ಅಷ್ಟೇ. ಗಾಂಧಿಬಜಾರಿನಲ್ಲಿ ಮುಖ ಕೂಡ ತಗ್ಗಿಸದೆ ಮಲ್ಲಿಗೆ ಕಟ್ಟುವ ಹೆಂಗಸೂ ಆ ಲೆಕ್ಕದಲ್ಲಿ ಕಲಾವಿದೆ. ಯುರೋಪಿನಲ್ಲೂ ಬಹಳ ಕಾಲ ಹೀಗೇ ಇತ್ತು. ಚಿತ್ರ, ಶಿಲ್ಪ, ಸಂಗೀತ, ಕಾವ್ಯ, ನೃತ್ಯವನ್ನು ಒಂದು ಕಂತೆ ಕಟ್ಟಿ ಉಳಿದದ್ದರಿಂದ ಬೇರೆ ಇಟ್ಟದ್ದು 18ನೇ ಶತಮಾನದಲ್ಲಿ. 1746ರಲ್ಲಿ ಬಟೂ ಅನ್ನುವ ಫ್ರೆಂಚ್ ಲೇಖಕ ಈ ಕಂತೆಗೆ ಒಂದು ಗಂಟು ಹಾಕಿದ. ಆಮೇಲೆ ನಾವೂ ಲಲಿತಕಲೆ ಒಂದು ಕೋಣೆ, ಕರಕುಶಲ ಇನ್ನೊಂದು ಕೋಣೆ ಅಂತ ಮಾಡಿಕೊಂಡೆವು. ಚಿತ್ರಸಂತೆಯಲ್ಲಿ ಈ ಗೋಡೆ ಅಷ್ಟೇನೂ ಗಟ್ಟಿ ಇಲ್ಲ, ಅದು ನನಗೆ ಖುಷಿ.

ಈಗ ಮಾವನ ಅಳತೆಗೋಲಿಗೆ ಬರೋಣ. ಅವರ ಪ್ರಕಾರ ಚಿತ್ರ ಅಂದರೆ ಏನೋ ಒಂದನ್ನು ಹೋಲಬೇಕು. ಹಕ್ಕಿ ಅಂದರೆ ಹಕ್ಕಿ ಕಾಣಬೇಕು. ಈ ಅಳತೆ ಒಮ್ಮೆ ಕೋರ್ಟಿನ ಕಟಕಟೆಗೇ ಹೋಗಿತ್ತು. 1926ರಲ್ಲಿ ಬ್ರಾಂಕುಸಿ ಅನ್ನುವ ಶಿಲ್ಪಿಯ ಒಂದು ಕಂಚಿನ ಕೃತಿ ಹಡಗಿನಲ್ಲಿ ನ್ಯೂಯಾರ್ಕಿಗೆ ಬಂತು. ಹೆಸರು "ಆಕಾಶದಲ್ಲಿ ಹಕ್ಕಿ". ನಾಲ್ಕೂವರೆ ಅಡಿ ಎತ್ತರದ, ಕನ್ನಡಿಯ ಹಾಗೆ ಪಾಲಿಶ್ ಮಾಡಿದ, ತೆಳ್ಳಗಿನ ಕಂಚು. ರೆಕ್ಕೆ ಇಲ್ಲ, ಕೊಕ್ಕಿಲ್ಲ, ಕಾಲಿಲ್ಲ. ಕಲಾಕೃತಿಗೆ ಅಲ್ಲಿ ಸುಂಕ ಇರಲಿಲ್ಲ. ಆದರೆ ಕಸ್ಟಮ್ಸಿನವರು ಇದು ಹಕ್ಕಿಯೇ ಅಲ್ಲ ಅಂದರು. ಅಡುಗೆಮನೆ ಪಾತ್ರೆ ಮತ್ತು ಆಸ್ಪತ್ರೆ ಸಾಮಾನಿನ ಪಟ್ಟಿಗೆ ಸೇರಿಸಿ ಬೆಲೆಯ ನೂರಕ್ಕೆ 40ರಷ್ಟು ಸುಂಕ ಹಾಕಿದರು.

ಕೇಸು ನಡೆಯಿತು. ಸರ್ಕಾರದ ಕಡೆಯವರ ವಾದ ನಮ್ಮ ಮಾವನದ್ದೇ. ಒಳ್ಳೆ ಮೆಕ್ಯಾನಿಕ್ ಒಬ್ಬನಿಗೆ ಒಂದು ಹಿತ್ತಾಳೆ ತುಂಡು ಕೊಟ್ಟರೆ ಅವನೂ ಹೀಗೇ ಉಜ್ಜಿ ಕೊಡುವುದಿಲ್ಲವೇ? ಸಾಕ್ಷಿ ಹೇಳಿದ ಶಿಲ್ಪಿ ಜೇಕಬ್ ಎಪ್‌ಸ್ಟೀನ್ ಕೊಟ್ಟ ಉತ್ತರದ ಸಾರ ಇಷ್ಟು: ಮೆಕ್ಯಾನಿಕ್ ಪಾಲಿಶ್ ಮಾಡಬಲ್ಲ, ಆದರೆ ಹೀಗೊಂದು ಆಕಾರ ಅವನ ತಲೆಯಲ್ಲಿ ಹುಟ್ಟುವುದಿಲ್ಲ. 1928ರ ನವೆಂಬರಿನಲ್ಲಿ ತೀರ್ಪು ಬ್ರಾಂಕುಸಿ ಕಡೆಗೆ ಬಂತು. ಕಂಡದ್ದನ್ನು ಕಂಡ ಹಾಗೆ ತೋರಿಸದೆ, ಒಂದು ಕಲ್ಪನೆಯನ್ನು ಮೂಡಿಸುವ ಹೊಸ ಬಗೆಯ ಕಲೆ ಬಂದಿದೆ, ನಮಗೆ ಹಿಡಿಸಲಿ ಬಿಡಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು ಅಂತ ಕೋರ್ಟು ಒಪ್ಪಿತು. ತಮಗೆ ಹಿಡಿಸಿತೋ ಇಲ್ಲವೋ ಅನ್ನುವುದನ್ನು ಅದು ಬೇರೆ ಇಟ್ಟಿತು ಅನ್ನುವುದನ್ನು ಗಮನಿಸಿ. ಜಡ್ಜುಗಳು ಎರಡು ಪ್ರಶ್ನೆಗಳನ್ನು ಬಿಡಿಸಿ ಇಟ್ಟರು.

ಇದಕ್ಕೂ ಮುಂಚೆ, 1917ರಲ್ಲಿ, ಮಾರ್ಸೆಲ್ ದುಷಾಂ ಅನ್ನುವ ಫ್ರೆಂಚ್ ಕಲಾವಿದ ಇನ್ನೂ ದೊಡ್ಡ ಕೀಟಲೆ ಮಾಡಿದ್ದ. ಅಂಗಡಿಯಿಂದ ತಂದ ಉಚ್ಚೆ ಹೊಯ್ಯುವ ಪಿಂಗಾಣಿ ಬೇಸಿನ್ನನ್ನು ಮಗುಚಿಟ್ಟು, "ಆರ್. ಮಟ್" ಅಂತ ಸುಳ್ಳು ಸಹಿ ಹಾಕಿ, "ಕಾರಂಜಿ" ಅಂತ ಹೆಸರಿಟ್ಟು ನ್ಯೂಯಾರ್ಕಿನ ಪ್ರದರ್ಶನಕ್ಕೆ ಕಳಿಸಿದ. ಶುಲ್ಕ ಕಟ್ಟಿದವರ ಕೃತಿಯೆಲ್ಲ ಇಡುತ್ತೇವೆ ಅಂದಿದ್ದ ಸಂಘದವರೇ ಇದನ್ನು ಇಡಲಿಲ್ಲ. ಆ ಮೂಲ ಬೇಸಿನ್ ಎಲ್ಲೋ ಕಳೆದೇಹೋಯಿತು. ಇವತ್ತು ಮ್ಯೂಸಿಯಮ್ಮುಗಳಲ್ಲಿ ಇರುವುದು ಆಮೇಲೆ ಮಾಡಿಸಿದ ನಕಲುಗಳು. 1964ರಲ್ಲಿ ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ ಪಾತ್ರೆ ಉಜ್ಜುವ ಸೋಪಿನ ಪ್ಯಾಡ್ ತುಂಬುವ ರಟ್ಟಿನ ಡಬ್ಬದ ಹಾಗೇ ಕಾಣುವ ಮರದ ಡಬ್ಬಗಳನ್ನು ಗ್ಯಾಲರಿಯಲ್ಲಿ ಪೇರಿಸಿದ. ಅದನ್ನು ನೋಡಿ ಆರ್ಥರ್ ಡಾಂಟೊ ಅನ್ನುವ ತತ್ವಶಾಸ್ತ್ರಿಗೆ ತಲೆ ಕೆಟ್ಟಿತು. ಎರಡು ಡಬ್ಬ ಕಣ್ಣಿಗೆ ಒಂದೇ ಥರ. ಒಂದು ಕಿರಾಣಿ ಸಾಮಾನು, ಇನ್ನೊಂದು ಕಲೆ. ಹಾಗಾದರೆ ವ್ಯತ್ಯಾಸ ಕಣ್ಣಿಗೆ ಕಾಣುವುದರಲ್ಲಿ ಇಲ್ಲ. ಅದರ ಸುತ್ತ ಇರುವ ಮಾತು, ಚರಿತ್ರೆ, ಜನ, ಇವುಗಳಲ್ಲಿದೆ ಅಂದ ಅವನು.

ಇದನ್ನು ಕೇಳಿದರೆ ಮೋಸದ ಹಾಗೆ ಅನ್ನಿಸುತ್ತದೆ. ಆದರೆ ಬೆಂಗಳೂರಿನವರಿಗೆ ಇದು ಹೊಸದೇನಲ್ಲ. ಭಾದ್ರಪದದಲ್ಲಿ ಆರ್‌.ವಿ. ರಸ್ತೆ ಪಕ್ಕ ಸಾಲಾಗಿ ಗಣೇಶ ಕೂತಿರುತ್ತಾನೆ. ಆಗ ಅವನು ಸಾಮಾನು. ಬೆನ್ನಿಗೆ ಬೆರಳು ತಟ್ಟಿ ನೋಡುತ್ತೀರಿ, ಕಿವಿ ಮುರಿದಿದೆ ಅಂತ ಐವತ್ತು ರೂಪಾಯಿ ಇಳಿಸುತ್ತೀರಿ. ಮನೆಗೆ ತಂದು ಮಣೆ ಮೇಲೆ ಇಟ್ಟು ಪ್ರಾಣಪ್ರತಿಷ್ಠೆ ಆಯಿತು ಅನ್ನಿ, ಅದೇ ಮಣ್ಣು ದೇವರು. ಬೆನ್ನು ತಟ್ಟುವ ಮಾತೇ ಇಲ್ಲ. ವಿಸರ್ಜನೆ ಆದಮೇಲೆ ಬಕೆಟ್ಟಿನಲ್ಲಿ ಕರಗಿದ್ದನ್ನು ಗಿಡಕ್ಕೆ ಹಾಕುತ್ತೀರಿ. ಮಣ್ಣು ಮೂರೂ ಹೊತ್ತು ಒಂದೇ. ಬದಲಾಗಿದ್ದು ನಾವು ಅದರ ಜೊತೆ ನಡೆದುಕೊಳ್ಳುವ ರೀತಿ. ಇದರಲ್ಲಿ ಮೋಸ ಏನೂ ಇಲ್ಲ, ಎಲ್ಲರೂ ಒಪ್ಪಿಕೊಂಡು ನಡೆಸುವ ಒಂದು ಏರ್ಪಾಡು. ಗ್ಯಾಲರಿ, ವಿಮರ್ಶಕರು, ಮ್ಯೂಸಿಯಂ, ಚಿತ್ರಸಂತೆಯ ಚೀಟಿ, ಇವೆಲ್ಲ ಆ ಮಣೆಯ ಕೆಲಸ ಮಾಡುತ್ತವೆ. ಈ ವಾದವನ್ನು ಆಮೇಲೆ ಜಾರ್ಜ್ ಡಿಕಿ ಅನ್ನುವವರು ಇನ್ನಷ್ಟು ಗಟ್ಟಿ ಮಾಡಿದರು. ಕಲಾಲೋಕದವರು ಇದನ್ನು ಮೆಚ್ಚಿ ನೋಡಬಹುದಾದ ವಸ್ತು ಅಂತ ಮುಂದಿಟ್ಟರೆ ಅದು ಕಲೆ, ಅಷ್ಟು ಸಾಕು ಅನ್ನುವುದು ಅವರ ಲೆಕ್ಕ.

ಆದರೆ ಈ ವಾದಕ್ಕೆ ಒಂದು ಮಿತಿ ಇದೆ. ಮಣೆ ಮೇಲೆ ಕೂತದ್ದು ದೇವರು ಅಂತ ಅದು ಹೇಳುತ್ತದೆ. ಗಣೇಶನ ಸೊಂಡಿಲು ತಿದ್ದಿದವನ ಕೈ ಚೆನ್ನಾಗಿತ್ತಾ ಅನ್ನುವುದಕ್ಕೆ ಅದರ ಹತ್ತಿರ ಉತ್ತರ ಇಲ್ಲ. 2019ರಲ್ಲಿ ಇಟಲಿಯ ಕಲಾವಿದ ಮೌರಿಜಿಯೊ ಕ್ಯಾಟೆಲಾನ್ ಒಂದು ಬಾಳೆಹಣ್ಣನ್ನು ಗೋಡೆಗೆ ಟೇಪ್ ಹಾಕಿ ಅಂಟಿಸಿದ. ಬೆಲೆ 1,20,000 ಡಾಲರ್. 2024ರ ನವೆಂಬರಿನಲ್ಲಿ ಅದರ ಒಂದು ಪ್ರತಿ ಹರಾಜಿನಲ್ಲಿ 62 ಲಕ್ಷ ಡಾಲರಿಗೆ ಹೋಯಿತು, ಕೊಂಡವರು ಹಣ್ಣನ್ನು ತಿಂದೂಬಿಟ್ಟರು. ಅವರು ಕೊಂಡದ್ದು ಹಣ್ಣನ್ನಲ್ಲ. ಒಂದು ಪ್ರಮಾಣಪತ್ರ ಮತ್ತು ಹಣ್ಣನ್ನು ಹೇಗೆ ಅಂಟಿಸಬೇಕು ಅನ್ನುವ ಸೂಚನೆ. ಇದು ಕಲೆಯೇ? ಹೌದು, ಮಣೆ ಹಾಕಿ ಕೂರಿಸಿದ್ದಾರಲ್ಲ. ಒಳ್ಳೆಯ ಕಲೆಯೇ? ನನ್ನ ಪ್ರಕಾರ ಒಂದು ಸಲ ನಗಲು ಸಾಕು, ಎರಡನೇ ಸಲಕ್ಕೆ ಇಲ್ಲ. ಹಣ್ಣಿನ ಹಾಗೇ, ಬೇಗ ಕಪ್ಪಾಗುತ್ತದೆ.

ಅದರ ಪಕ್ಕದಲ್ಲಿ ನಮ್ಮೂರ ಮೊಸಳೆಯನ್ನು ಇಟ್ಟು ನೋಡಿ. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ದೊಡ್ಡ ಗುಂಡಿ ಬಿದ್ದು ನೀರು ತುಂಬಿತ್ತು. ಕಲಾವಿದ ಬಾದಲ್ ನಂಜುಂಡಸ್ವಾಮಿ ಅದರಲ್ಲಿ ಜೀವಂತದ ಹಾಗೆ ಕಾಣುವ ಮೊಸಳೆಯೊಂದನ್ನು ಬಿಟ್ಟರು. ಗ್ಯಾಲರಿ ಇಲ್ಲ, ಚೀಟಿ ಇಲ್ಲ. 2019ರಲ್ಲಿ ಗಗನಯಾತ್ರಿ ವೇಷದವನೊಬ್ಬ ಚಂದ್ರನ ಮೇಲೆ ನಡೆಯುವ ಹಾಗೆ ಇನ್ನೊಂದು ರಸ್ತೆಯ ಗುಂಡಿಗಳ ನಡುವೆ ನಡೆಯುವ ವೀಡಿಯೊ ಮಾಡಿದರು. ಪಕ್ಕದಲ್ಲಿ ಒಂದು ಆಟೊ ಹಾದುಹೋದಾಗಲೇ ಇದು ಚಂದ್ರ ಅಲ್ಲ, ಬೆಂಗಳೂರು ಅಂತ ಗೊತ್ತಾಗುವುದು. ಇದು ಕಲೆಯೋ ದೂರು ಅರ್ಜಿಯೋ ಅಂತ ಆಗ ಕೆಲವರು ಕೇಳಿದ್ದುಂಟು. ಎರಡೂ ಆಗಬಾರದು ಅಂತ ಏನಿದೆ? ಮಾಡಿದ ರೀತಿ ನೋಡಿ. ಗುಂಡಿ ಮುಚ್ಚಿ ಅಂತ ಬೋರ್ಡ್ ಬರೆದಿದ್ದರೆ ನಾವು ಓದಿ ಮುಂದೆ ಹೋಗುತ್ತಿದ್ದೆವು. ಮೊಸಳೆ ಕಂಡಾಗ ಮೊದಲು ಬೆಚ್ಚಿದೆವು, ಆಮೇಲೆ ನಕ್ಕೆವು, ಆಮೇಲೆ ಗುಂಡಿಯನ್ನು ಮತ್ತೊಮ್ಮೆ ನೋಡಿದೆವು. ದಿನಾ ಕಾಣುತ್ತಿದ್ದ ಗುಂಡಿಯನ್ನು ಕಾಣುವ ಹಾಗೆ ಮಾಡಿತು ಅದು. ನನ್ನ ಲೆಕ್ಕದಲ್ಲಿ ಬಾಳೆಹಣ್ಣಿಗಿಂತ ಮೊಸಳೆ ಎಷ್ಟೋ ಮೇಲು. ನೋಡಿ, ಈಗ ನಾನು ಎರಡನೇ ಪ್ರಶ್ನೆಗೆ ಬಂದುಬಿಟ್ಟೆ. ಅಷ್ಟೇ ಅಲ್ಲ, ಕಾರಣವನ್ನೂ ಕೊಟ್ಟೆ. ನೀವು ಒಪ್ಪದೆ ಇರಬಹುದು. ಆದರೆ ಒಪ್ಪದಿರಲು ನೀವೂ ಮೊಸಳೆಯನ್ನೇ ನೋಡಿ ಮಾತಾಡಬೇಕು.

ಬೆಚ್ಚುವುದು, ನಗುವುದು ಅಂದೆನಲ್ಲ, ನಮ್ಮವರ ರಸದ ವಿಚಾರ ಅಲ್ಲಿಗೇ ಕೈ ಹಾಕುತ್ತದೆ. ಹರಿಶ್ಚಂದ್ರ ನಾಟಕದ ಸ್ಮಶಾನದ ದೃಶ್ಯ ನೆನಪು ಮಾಡಿಕೊಳ್ಳಿ. ಚಂದ್ರಮತಿ ಸತ್ತ ಮಗನನ್ನು ಮಡಿಲಲ್ಲಿ ಇಟ್ಟುಕೊಂಡು ಅಳುತ್ತಾಳೆ. ಜನ ಸೆರಗಲ್ಲಿ ಕಣ್ಣು ಒರೆಸಿಕೊಳ್ಳುತ್ತಾರೆ. ಮುಂದಿನ ವಾರ ಮತ್ತೆ ಬರುತ್ತಾರೆ. ದುಡ್ಡು ಕೊಟ್ಟು ಅಳಲು ಯಾರಾದರೂ ಬರುತ್ತಾರಾ? ಬರುತ್ತಾರೆ. ಯಾಕೆಂದರೆ ಅದು ಮನೆಯ ಸಾವಿನ ದುಃಖ ಅಲ್ಲ. ಭರತನ ನಾಟ್ಯಶಾಸ್ತ್ರ ಮತ್ತು ಅದಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ಹೇಳುವುದು ಹೀಗೆ: ದುಃಖದಿಂದ "ನನ್ನದು, ಅವರದು" ಅನ್ನುವುದು ಕಳಚಿ ಬಿದ್ದಾಗ ಉಳಿಯುವುದು ರಸ, ಅದನ್ನು ಸವಿಯಬಹುದು. ಸವಿಯುವವನಿಗೆ ಸಹೃದಯ ಅಂತ ಹೆಸರು. ಅಂದರೆ ತೂಕ ಹಾಕುವ ಕೆಲಸ ಅರ್ಧ ನೋಡುಗನ ಮೇಲೂ ಬಿತ್ತು. ಕೃತಿ ಎಷ್ಟೇ ಚೆನ್ನಾಗಿದ್ದರೂ ನೋಡುವವನ ಎದೆ ಒಣಗಿದ್ದರೆ ಏನೂ ಹುಟ್ಟುವುದಿಲ್ಲ.

ಹಾಗಾದರೆ ನೋಡುವವರು ಎಲ್ಲ ಒಂದೇ ಥರಾನಾ? ಸಾವಿರ ವರ್ಷಕ್ಕೂ ಹಳೆಯದಾದ ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರದ ಬಗ್ಗೆಯೇ ಒಂದು ಭಾಗ ಇದೆ. ಅದರ ಒಂದು ಶ್ಲೋಕದ ಅರ್ಥ ಹೀಗೆ: ಆಚಾರ್ಯರು ಗೆರೆಯನ್ನು ಮೆಚ್ಚುತ್ತಾರೆ, ಬಲ್ಲವರು ನೆರಳು-ಬೆಳಕಿನ ಏರಿಳಿತವನ್ನು, ಹೆಂಗಸರು ಒಡವೆಯನ್ನು, ಉಳಿದ ಜನ ಢಾಳಾದ ಬಣ್ಣವನ್ನು. ಒಂದೇ ಚಿತ್ರದ ಮುಂದೆ ನಾಲ್ಕು ಥರದ ಜನ ನಿಂತು ನಾಲ್ಕು ಕಡೆ ನೋಡುತ್ತಾರೆ ಅನ್ನುವುದು ಆಗಲೇ ಗೊತ್ತಿತ್ತು.

ಅವತ್ತು ಚಿತ್ರಸಂತೆಯಲ್ಲಿ ಈ ಶ್ಲೋಕ ನಮ್ಮ ಮನೆಯವರ ಮುಂದೆ ತಲೆಕೆಳಗಾಯಿತು. ಜೀವನ ಪೂರ್ತಿ ಗೆರೆ ಎಳೆದ ಮಾವ ಮೈಸೂರು ಶೈಲಿಯ ಒಂದು ರಾಜರಾಜೇಶ್ವರಿಯ ಮುಂದೆ ಕರಗಿ ನಿಂತರು. ಚಿನ್ನದ ರೇಕು, ಗೆಸ್ಸೊ ಅನ್ನುವ ಲೇಪದಿಂದ ಎಬ್ಬಿಸಿದ ಉಬ್ಬು ಕೆಲಸ, ಸರದ ಒಂದೊಂದು ಮಣಿ. "ಎಷ್ಟು ಕೆಲಸ ಆಗಿದೆ ನೋಡೋ ಇದರಲ್ಲಿ!" ಅಂದರು. ಅತ್ತೆ ಅಲ್ಲಿರಲೇ ಇಲ್ಲ. ಹುಡುಕಿದರೆ ನಾಲ್ಕು ಅಂಗಡಿ ಆಚೆ ಮಲೆನಾಡಿನ ಹಸೆ ಚಿತ್ತಾರದ ಮುಂದೆ ಬಗ್ಗಿ ನಿಂತಿದ್ದರು. ಅಲ್ಲಿನ ದೀವರ ಸಮುದಾಯದ ಹೆಂಗಸರು ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳುಪಿನಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಬರೆಯುವುದು ಅದು. ಇಲ್ಲಿ ಗೋಡೆಯಿಂದ ಇಳಿದು ಬಟ್ಟೆಯ ಮೇಲೆ ಬಂದಿತ್ತು.

"ಇಲ್ಲಿ ನೋಡು," ಅಂದರು ಅತ್ತೆ, ಮುಟ್ಟದೆ ಬೆರಳನ್ನು ಗೆರೆಯ ಮೇಲೆ ಹಾಯಿಸುತ್ತಾ. "ಈ ಮೂಲೆಯಿಂದ ಶುರು ಮಾಡಿ ಆ ಮೂಲೆವರೆಗೂ ಎಳೆ ಎಲ್ಲೂ ತಡವರಿಸಿಲ್ಲ. ಇಲ್ಲೊಂದು ಕಡೆ ನಾರು ಒಣಗಿದೆ, ಅದ್ದಿಕೊಂಡಿದ್ದಾಳೆ. ಮತ್ತೆ ಅದೇ ದಪ್ಪಕ್ಕೆ ಹಿಡಿದಿದ್ದಾಳೆ." ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಹೌದು, ಕೂದಲೆಳೆಯಷ್ಟು ಒಂದು ಕಡೆ ಬಿಳುಪು ತೆಳ್ಳಗಾಗಿತ್ತು. ಅತ್ತೆ ಹೇಳದೆ ಇದ್ದಿದ್ದರೆ ನನಗೆ ಜನ್ಮಕ್ಕೂ ಕಾಣುತ್ತಿರಲಿಲ್ಲ.

ಅತ್ತೆಗೆ ಅದು ಹೇಗೆ ಕಂಡಿತು? ನಲವತ್ತು ವರ್ಷ ಬೆಳಗ್ಗೆ ಐದೂವರೆಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟ ಕೈ ಅದು. ಹೆಬ್ಬೆರಳು, ತೋರುಬೆರಳಿನ ನಡುವೆ ಪುಡಿ ಹಿಡಿದು, ಉಸಿರು ಬಿಗಿ ಹಿಡಿದು ಎಳೆ ಎಳೆಯುವಾಗ ಎಲ್ಲಿ ಪುಡಿ ತೀರುತ್ತದೆ, ಎಲ್ಲಿ ತಿರುವಿನಲ್ಲಿ ಕೈ ನಡುಗುತ್ತದೆ ಅಂತ ಅವರ ಬೆರಳಿಗೆ ಗೊತ್ತು. ಸ್ಕಾಟ್ಲೆಂಡಿನ ತತ್ವಶಾಸ್ತ್ರಿ ಡೇವಿಡ್ ಹ್ಯೂಮ್ 1757ರಲ್ಲಿ ರುಚಿಯ ಬಗ್ಗೆ ಬರೆದಾಗ ಒಂದು ಕಥೆ ಹೇಳುತ್ತಾನೆ. ಇಬ್ಬರು ಒಂದು ಪೀಪಾಯಿಯ ವೈನ್ ಕುಡಿದು ನೋಡುತ್ತಾರೆ. ಒಬ್ಬ ಚೆನ್ನಾಗಿದೆ, ಆದರೆ ಸ್ವಲ್ಪ ಚರ್ಮದ ವಾಸನೆ ಅನ್ನುತ್ತಾನೆ. ಇನ್ನೊಬ್ಬ ಕಬ್ಬಿಣದ ರುಚಿ ಅನ್ನುತ್ತಾನೆ. ಊರಿನವರು ಇಬ್ಬರನ್ನೂ ಗೇಲಿ ಮಾಡುತ್ತಾರೆ. ಪೀಪಾಯಿ ಖಾಲಿ ಆದಾಗ ತಳದಲ್ಲಿ ಸಿಗುವುದು ಚರ್ಮದ ಪಟ್ಟಿ ಕಟ್ಟಿದ ಹಳೇ ಬೀಗದಕೈ. ರುಚಿ ಅವರವರ ನಾಲಿಗೆಗೆ ಬಿಟ್ಟದ್ದು ನಿಜ. ಆದರೆ ಕೆಲವು ನಾಲಿಗೆಗಳಿಗೆ ನಿಜವಾಗಿ ಅಲ್ಲಿರುವುದೇ ಸಿಗುತ್ತದೆ. ಮಲ್ಲೇಶ್ವರದಲ್ಲಿ ನಮ್ಮ ಪರಿಚಯದ ಒಬ್ಬರು ಕಾಫಿಪುಡಿ ಅಂಗಡಿ ಇಟ್ಟಿದ್ದಾರೆ. ಒಂದು ಗುಟುಕಿಗೆ ಚಿಕೋರಿ ಇಪ್ಪತ್ತು ಹಾಕಿದ್ದೋ ಮೂವತ್ತು ಹಾಕಿದ್ದೋ ಹೇಳುತ್ತಾರೆ. ನನಗೆ ಗೊತ್ತಾಗುವುದು ಕಾಫಿ ಬಿಸಿ ಇದೆಯಾ ಇಲ್ಲವಾ ಅಂತ ಮಾತ್ರ.

ಹ್ಯೂಮ್ ಪ್ರಕಾರ ಒಳ್ಳೆ ನೋಡುಗನಿಗೆ ಸೂಕ್ಷ್ಮ ಬೇಕು, ಅಭ್ಯಾಸ ಬೇಕು, ಹತ್ತಾರನ್ನು ಹೋಲಿಸಿ ನೋಡಿರಬೇಕು, ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿರಬಾರದು. ಕೊನೆಯದು ಎಲ್ಲಕ್ಕಿಂತ ಕಷ್ಟ. ಜೊತೆಗೆ ಇನ್ನೊಂದು ತೊಡಕಿದೆ, ಅಳತೆ ಪಟ್ಟಿ ಯಾರು ಬರೆದರು ಅನ್ನುವುದು. ಅತ್ತೆಗೆ ಇದರ ಬಿಸಿ ತಟ್ಟಿದೆ. ಅವರ ಬಡಾವಣೆಯಲ್ಲಿ ಒಂದು ಸಂಕ್ರಾಂತಿಗೆ ರಂಗೋಲಿ ಸ್ಪರ್ಧೆ ಇಟ್ಟಿದ್ದರು. ಅತ್ತೆ 21 ಚುಕ್ಕಿಯ ಎಳೆ ರಂಗೋಲಿ ಹಾಕಿದರು, ಒಂದೇ ಎಳೆ, ಕೈ ಎತ್ತದೆ ಸುತ್ತಿ ಬಂದು ಶುರುವಾದಲ್ಲೇ ಮುಗಿಯುವಂಥದ್ದು. ತೀರ್ಪುಗಾರರ ಹಾಳೆಯಲ್ಲಿ ಬಣ್ಣಕ್ಕೆ ಹತ್ತು, ಸಂದೇಶಕ್ಕೆ ಹತ್ತು, ಅಚ್ಚುಕಟ್ಟಿಗೆ ಐದು ಅಂತಿತ್ತು. ಬಿಳಿ ಪುಡಿಯ ರಂಗೋಲಿಗೆ ಬಣ್ಣದಲ್ಲಿ ಸೊನ್ನೆ. ಚುಕ್ಕಿಗೆ ಸಂದೇಶ ಎಲ್ಲಿಂದ ತರುವುದು? ಮೊದಲ ಬಹುಮಾನ "ನೀರು ಉಳಿಸಿ" ಅಂತ ಬರೆದ ಒಂದು ನೀಲಿ ಹನಿಗೆ ಹೋಯಿತು. ಅತ್ತೆಗೆ ಸಮಾಧಾನಕರ ಬಹುಮಾನ ಅಂತ ಸ್ಟೀಲ್ ಡಬ್ಬಿ. ಅದರಲ್ಲಿ ಈಗ ರಂಗೋಲಿ ಪುಡಿ ತುಂಬಿಟ್ಟಿದ್ದಾರೆ. ತೀರ್ಪುಗಾರರು ಮೋಸ ಮಾಡಲಿಲ್ಲ, ಹಾಳೆಯಲ್ಲಿ ಇದ್ದದ್ದನ್ನೇ ಅಳೆದರು. ಹಾಳೆಯಲ್ಲಿ ಗೆರೆಗೆ ಜಾಗ ಇರಲಿಲ್ಲ, ಅಷ್ಟೇ.

"ನಮ್ಮ ಪುಟ್ಟಿನೂ ಬರೀತಾಳೆ" ಅನ್ನುವ ಮಾತು ಇನ್ನೂ ಬಾಕಿ ಇದೆ. ಇದನ್ನು ಕೆಲವರು ನಿಜವಾಗಿಯೂ ಪರೀಕ್ಷೆ ಮಾಡಿದ್ದಾರೆ. 2011ರಲ್ಲಿ ಅಮೆರಿಕದ ಹಾಲಿ-ಡೋಲನ್ ಮತ್ತು ವಿನ್ನರ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಹೆಸರಾಂತ ಅಮೂರ್ತ ಚಿತ್ರಕಾರರ ಚಿತ್ರಗಳ ಪಕ್ಕದಲ್ಲಿ ಮಕ್ಕಳು, ಕೋತಿ, ಆನೆ ಬಳಿದ ಚಿತ್ರಗಳನ್ನು ಇಟ್ಟು, ಯಾವುದು ಮೇಲು ಅಂತ ಕೇಳಿದರು. ಕಲೆ ಓದಿದವರನ್ನೂ ಕೇಳಿದರು, ಓದದವರನ್ನೂ ಕೇಳಿದರು. ಸುಮ್ನೆ ಊಹೆ ಹೊಡೆದಿದ್ದರೆ ನೂರಕ್ಕೆ 50 ಸರಿ ಆಗಬೇಕಿತ್ತು. ಆದದ್ದು 60ರಿಂದ 70ರ ಆಸುಪಾಸು. ಕೆಲವು ಸಲ ಬೇಕೆಂದೇ ಹೆಸರಿನ ಚೀಟಿ ಅದಲು ಬದಲು ಮಾಡಿದ್ದರೂ ಜನ ಪೂರ್ತಿ ಮೋಸ ಹೋಗಲಿಲ್ಲ. ಅಂದರೆ ಮಾವ ಪೂರ್ತಿ ತಪ್ಪೂ ಅಲ್ಲ, ಮೂವತ್ತು ನಲವತ್ತು ಸಲ ಗುರುತು ಹಿಡಿಯಲು ಆಗಲಿಲ್ಲವಲ್ಲ. ಆದರೆ ಹೆಚ್ಚಿನ ಸಲ, ಇದರ ಹಿಂದೆ ಒಂದು ತಲೆ ಕೆಲಸ ಮಾಡಿದೆ ಅಂತ ನಮ್ಮ ಕಣ್ಣಿಗೆ ಹೇಗೋ ತಿಳಿಯುತ್ತದೆ. ನಾವು ಬಾಯಲ್ಲಿ ಒಪ್ಪುವುದಿಲ್ಲ ಅಷ್ಟೇ.

ಇಷ್ಟ ಆಗುವುದರ ಗುಟ್ಟು ಇನ್ನೂ ವಿಚಿತ್ರ. ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಕಟಿಂಗ್ ತಮ್ಮ ತರಗತಿಯಲ್ಲಿ, ಪಾಠದ ನಡುನಡುವೆ, ಅಷ್ಟೇನೂ ಪ್ರಸಿದ್ಧವಲ್ಲದ ಚಿತ್ರಗಳನ್ನು ಒಂದೆರಡು ಸೆಕೆಂಡ್ ತೋರಿಸುತ್ತಾ ಬಂದರು. ವಿವರಣೆ ಏನೂ ಇಲ್ಲ. ಟರ್ಮ್ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳಿಗೆ ಪ್ರಸಿದ್ಧ ಚಿತ್ರಗಳ ಮೇಲೆ ಇರಬೇಕಾದ ಒಲವು ಮಾಯವಾಗಿತ್ತು. 2003ರಲ್ಲಿ ಇದನ್ನು ಪ್ರಕಟಿಸಿದರು. ಕಂಡು ಕಂಡು ಇಷ್ಟ ಆಗುವುದು ಅಂದರೆ ಇದೇ. ಮೊದಲ ಸಲ ರೇಡಿಯೊದಲ್ಲಿ ಬಂದಾಗ ಬೈದ ಹಾಡನ್ನು ಮೂರನೇ ವಾರ ನಾವೇ ಗುನುಗುತ್ತೇವೆ, ಅಲ್ವಾ? ಹಾಗಾದರೆ ಒಳ್ಳೆಯದು ಕೆಟ್ಟದ್ದು ಅಂತ ಏನೂ ಇಲ್ಲ, ಎಲ್ಲ ಅಭ್ಯಾಸವೇ ಅಂತ ಕೈ ತೊಳೆದುಕೊಳ್ಳುವ ಹಾಗಿಲ್ಲ. 2013ರಲ್ಲಿ ಬ್ರಿಟನ್ನಿನ ಕೆಲವರು ಇದೇ ಪರೀಕ್ಷೆಯನ್ನು ಥಾಮಸ್ ಕಿಂಕೇಡ್ ಅನ್ನುವ, ಕ್ಯಾಲೆಂಡರ್ ಥರದ ಸಿಹಿ ಸಿಹಿ ದೃಶ್ಯ ಬರೆಯುತ್ತಿದ್ದವನ ಚಿತ್ರಗಳ ಮೇಲೆ ಮಾಡಿದರು. ನೋಡಿದಷ್ಟೂ ಜನರಿಗೆ ಅದು ಕಡಿಮೆ ಇಷ್ಟ ಆಗುತ್ತಾ ಹೋಯಿತು. 19ನೇ ಶತಮಾನದ ಬ್ರಿಟಿಷ್ ಚಿತ್ರಕಾರ ಮಿಲೇ ಬರೆದ ಚಿತ್ರಗಳಿಗೆ ಹಾಗೆ ಆಗಲಿಲ್ಲ. ಮತ್ತೆ ಮತ್ತೆ ನೋಡುವುದು ಕೆಲವನ್ನು ಉಳಿಸುತ್ತದೆ, ಕೆಲವನ್ನು ಕಳಚಿಹಾಕುತ್ತದೆ.

ಬೆಲೆಯ ವಿಷಯವನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ಕಲೆಗಿಂತ ಸೈಟಿನ ರೇಟಿಗೆ ಹತ್ತಿರ. ಎಂ.ಎಫ್. ಹುಸೇನ್ 1954ರಲ್ಲಿ ಬರೆದ "ಗ್ರಾಮ ಯಾತ್ರಾ" ನಾರ್ವೆಯ ಓಸ್ಲೋದ ಆಸ್ಪತ್ರೆಯೊಂದರ ಗೋಡೆ ಮೇಲೆ ದಶಕಗಳ ಕಾಲ ತೂಗುತ್ತಿತ್ತು. 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದಕ್ಕೆ ಬಂದದ್ದು ಸುಮಾರು 118 ಕೋಟಿ ರೂಪಾಯಿ. ಆಸ್ಪತ್ರೆಯ ಗೋಡೆಗೂ ಹರಾಜಿನ ಗೋಡೆಗೂ ನಡುವೆ ಚಿತ್ರದ ಒಂದು ಗೆರೆಯೂ ಬದಲಾಗಲಿಲ್ಲ. ಯಾರು ಬರೆದದ್ದು, ಅಂಥದ್ದು ಇನ್ನೆಷ್ಟು ಉಳಿದಿವೆ, ಎಷ್ಟು ಜನ ಹಣವಂತರಿಗೆ ಬೇಕು, ಇವು ಬೆಲೆ ಕಟ್ಟುತ್ತವೆ. ಕಾನೂನೂ ಕಟ್ಟುತ್ತದೆ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ರವಿವರ್ಮ, ಅಮೃತಾ ಶೇರ್‌ಗಿಲ್, ನಂದಲಾಲ್ ಬೋಸ್, ನಿಕೊಲಾಸ್ ರೋರಿಕ್ ಸೇರಿ ಒಂಬತ್ತು ಜನರ ಕೃತಿಗಳು ರಾಷ್ಟ್ರೀಯ ಕಲಾಸಂಪತ್ತು. ಭಾರತದಲ್ಲಿ ಇರುವ ಅವರ ಚಿತ್ರವನ್ನು ಹೊರಗೆ ಮಾರಲು ಸಾಗಿಸುವ ಹಾಗಿಲ್ಲ, ಕೊಳ್ಳುವವರು ಇಲ್ಲೇ ಸಿಗಬೇಕು. ರೋರಿಕ್ ಚಿತ್ರಗಳನ್ನು ನೋಡಬೇಕಾದರೆ ಚಿತ್ರಸಂತೆಯ ದಿನ ಪರಿಷತ್ತಿನ ಒಳಗೇ ಹೋಗಿ ನೋಡಬಹುದು. ಹೊರಗೆ ರಸ್ತೆಯಲ್ಲಿ ಐನೂರಕ್ಕೆ ಚೌಕಾಸಿ, ಒಳಗೆ ಗೋಡೆ ಮೇಲೆ ದೇಶ ಬಿಟ್ಟು ಹೋಗಲಾರದ ಹಿಮಾಲಯ.

ಊರೇ ತನ್ನ ತೀರ್ಪು ಬದಲಿಸಿಕೊಳ್ಳುವುದೂ ಉಂಟು. ಗಾಂಧಿನಗರದ ಥಿಯೇಟರುಗಳ ಮುಂದೆ ನಲವತ್ತು ಐವತ್ತು ಅಡಿ ಕಟೌಟ್ ಬರೆಯುತ್ತಿದ್ದವರನ್ನು ಆಗ ಯಾರೂ ಕಲಾವಿದರು ಅನ್ನಲಿಲ್ಲ. ಬ್ಯಾನರ್ ಬರೆಯುವವರು ಅನ್ನುತ್ತಿದ್ದರು. ಸಣ್ಣ ಫೋಟೊಗೆ ಚೌಕ ಚೌಕ ಗೆರೆ ಹಾಕಿ, ಅದೇ ಲೆಕ್ಕದಲ್ಲಿ ದೊಡ್ಡ ಚೌಕಗಳಿಗೆ ಮುಖ ಏರಿಸುತ್ತಿದ್ದರು. ಹತ್ತಿರ ಹೋದರೆ ಕೆನ್ನೆ ಮೇಲೆ ನೀಲಿ, ಗುಲಾಬಿ ಬಣ್ಣದ ತೇಪೆಗಳು. ರಸ್ತೆ ಆಚೆಯಿಂದ ನೋಡಿದರೆ ಅಣ್ಣಾವ್ರು ನಗುತ್ತಿರುತ್ತಾರೆ. ಫ್ಲೆಕ್ಸ್ ಬಂದು ಆ ಕೆಲಸ ಹೋಯಿತು. 2009ರ ಸುಮಾರಿಗೆ ಬಿಬಿಎಂಪಿ ಇದೇ ಕೈಗಳಿಗೆ ಊರಿನ ಕಾಂಪೌಂಡ್ ಗೋಡೆಗಳನ್ನು ಕೊಟ್ಟಿತು. ಪೋಸ್ಟರ್ ಅಂಟಿಸುವುದು, ಉಚ್ಚೆ ಹೊಯ್ಯುವುದು ನಿಲ್ಲಲಿ ಅನ್ನುವ ಉದ್ದೇಶವೂ ಇತ್ತು. ಹಂಪಿಯ ಕಲ್ಲಿನ ರಥ, ಹುಲಿ, ಜಲಪಾತ ಬಂದವು. ಕಲಾಶಾಲೆಯಲ್ಲಿ ಓದಿದ ಕೆಲವರು ಮುಖ ಸಿಂಡರಿಸಿದರು, ಕ್ಯಾಲೆಂಡರ್ ಚಿತ್ರ ಅಂದರು. ಬಸ್ಸಿನಲ್ಲಿ ಕೂತವರು ಕಿಟಕಿಯಿಂದ ನೋಡಿ ಖುಷಿಪಟ್ಟರು. ಇವತ್ತು ಕೈಯಲ್ಲಿ ಬರೆದ ಹಳೇ ಸಿನಿಮಾ ಪೋಸ್ಟರನ್ನು ಫ್ರೇಮ್ ಹಾಕಿಸಿ ಕೆಫೆಗಳಲ್ಲಿ ತೂಗುಹಾಕುತ್ತಾರೆ. ಮಾವನಿಗೆ ಮಾತ್ರ ಆ ಚೌಕದ ಲೆಕ್ಕದ ಮೇಲೆ ಮೊದಲಿಂದಲೂ ಗೌರವ. "ಸ್ಕೇಲ್ ತಪ್ಪಿದ್ರೆ ಮೂಗು ಕಿವಿಗೆ ಹೋಗ್ತಿತ್ತು ಕಣೋ" ಅನ್ನುತ್ತಾರೆ.

ಅವತ್ತು ಮಾವ ರಾಜರಾಜೇಶ್ವರಿಯನ್ನು ಕೊಳ್ಳಲಿಲ್ಲ, ರೇಟು ಕೇಳಿ ಸುಮ್ಮನಾದರು. ಅತ್ತೆ ಅಂಗೈ ಅಗಲದ ಒಂದು ಹಸೆ ಚಿತ್ತಾರ ತಂದರು. ಹೊರಡುವಾಗ ಆ ಬೂದು ಕ್ಯಾನ್ವಾಸ್ ಇದ್ದ ಜಾಗದಲ್ಲಿ ಬರೀ ಸ್ಟೂಲ್ ಇತ್ತು. ಮಾರಾಟ ಆಯಿತೋ, ಹುಡುಗ ಮಡಚಿಕೊಂಡು ಹೊರಟನೋ ತಿಳಿಯಲಿಲ್ಲ. ಮಾವ ಎರಡು ಸಲ ತಿರುಗಿ ನೋಡಿದರು.

ಮೂರು ವಾರ ಆದಮೇಲೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಮಾವ ಒಂದು ಫೋಟೊ ಹಾಕಿದರು. ಹಾಲ್ ಗೋಡೆ. ಟ್ಯಾಂಕ್ ಸೋರಿ ಬಂದ ಬೂದು ಕಲೆ, ಅಂಚಿನಲ್ಲಿ ತುಕ್ಕಿನ ಕೆಂಪು. ಅದರ ಸುತ್ತ ಅಟ್ಟದ ಮೇಲಿದ್ದ ಹಳೇ ಫೋಟೊ ಫ್ರೇಮೊಂದನ್ನು, ಗಾಜು ತೆಗೆದು, ಮೊಳೆ ಹೊಡೆದು ತೂಗುಹಾಕಿದ್ದರು. ಸ್ಪಿರಿಟ್ ಲೆವೆಲ್ ಇಟ್ಟೇ ಹಾಕಿರಬೇಕು, ಅಷ್ಟು ನೇರ. ಕೆಳಗೆ ಬರೆದಿದ್ದರು: "45,000. ಚೌಕಾಸಿ ಇಲ್ಲ."

ನಾನು ಏನು ಉತ್ತರ ಕೊಡಲಿ ಅಂತ ಯೋಚಿಸುತ್ತಿರುವಾಗಲೇ ಅತ್ತೆಯ ಮೆಸೇಜ್ ಬಂತು, ಪಕ್ಕದ ರೂಮಿನಿಂದಲೇ ಇರಬೇಕು.

"ಎಳೆ ಸರಿ ಇಲ್ಲ. ಪ್ಲಂಬರ್‌ಗೆ ಫೋನ್ ಮಾಡಿ."